ಹಂಸಕ್ಕೆ ಹದಿನಾಲ್ಕು ದಿನ

ಹಾಲನ್ನೂ ನೀರನ್ನೂ ಬೆರೆಸಿ ಮುಂದಿಟ್ಟರೆ ಹಂಸವು ನೀರನ್ನು ಬಿಟ್ಟು ಹಾಲನ್ನಷ್ಟೇ ಹೀರುತ್ತದೆಯೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಕವಿಸಮಯ. ಗುಣದೋಷಗಳನ್ನು ಬೇರ್ಪಡಿಸಬಲ್ಲ ವಿವೇಕಕ್ಕೆ ಹಿರಿಯರು ‘ಹಂಸಕ್ಷೀರ ನ್ಯಾಯ’ವೆಂದೇ ಹೆಸರಿಟ್ಟರು. ನಮ್ಮ ಶಾಲೆಯ ಕನ್ನಡ ಪಂಡಿತರು ಇದನ್ನು ಸೊಗಸಾಗಿ ವಿವರಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮರುಗಂಟೆಯಲ್ಲಿ ಅದೇ ತರಗತಿಗೆ ಲ್ಯಾಕ್ಟೋಮೀಟರ್ ಹಿಡಿದು ಬರುತ್ತಿದ್ದವನು ನಾನು. ಈ ಕಾಲದಲ್ಲಿ ಹಂಸದ ಕೆಲಸವನ್ನು ಸರ್ಕಾರವು ವಹಿಸಿಕೊಂಡಿದೆ. ಆದರೆ ಈ ಹಂಸಕ್ಕೆ ಕಾಲಾವಕಾಶ ಬೇಕು. ಮಾದರಿಯು ಕೈಸೇರಿದ 14 ದಿನಗಳೊಳಗೆ ಆಹಾರ ವಿಶ್ಲೇಷಕರು ವರದಿ ಕೊಡಬೇಕೆಂದು ಈಗಿನ ಕಾಯಿದೆ ಹೇಳುತ್ತದೆ. ಹಾಲಾದರೋ ಬೆಳಗ್ಗೆ ಕರೆದದ್ದು ರಾತ್ರಿಯ ಹೊತ್ತಿಗೆ ಮಕ್ಕಳ ಹೊಟ್ಟೆ ಸೇರಿರುತ್ತದೆ. ಉಳಿದದ್ದು ಹೆಪ್ಪಿಗೆ ಬಿದ್ದಿರುತ್ತದೆ.

ಹಬ್ಬಗಳು ಹತ್ತಿರವಾದಂತೆ ಪತ್ರಿಕೆಗಳಲ್ಲಿ ಪ್ರತಿವರ್ಷವೂ ಒಂದೇ ಬಗೆಯ ಸುದ್ದಿ ಕಾಣುತ್ತದೆ. ಅಧಿಕಾರಿಗಳು ದಾಳಿ ನಡೆಸಿದರು, ತುಪ್ಪ, ಖೋವಾ, ಪನೀರ್‌ಗಳನ್ನು ವಶಪಡಿಸಿಕೊಂಡರು, ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು ಎಂದು. ಆ ಮಾದರಿಗಳು ಏನಾದವೆಂಬ ಸುದ್ದಿ ಮಾತ್ರ ಅಪರೂಪ. ಇದನ್ನು ಓದಿದಾಗಲೆಲ್ಲ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ದೂರವಾಣಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: “ಮೇಷ್ಟ್ರೇ, ಇವರಿಗೆಲ್ಲ ಇನ್ನೂ ಕಠಿಣ ಶಿಕ್ಷೆಯಾಗಬೇಡವೇ?” ಆ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾದ ಉತ್ತರವೇ ಈ ಬರಹ. ಶಿಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಹಾಲಿನ ಶುದ್ಧಿಯನ್ನು ಕಾಯಬೇಕಾದದ್ದು ಹಾಲು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ಜಾಗದಲ್ಲಿ, ಅದೇ ಹೊತ್ತಿನಲ್ಲಿ. ಕುಡಿದು ಮುಗಿದ ಮೇಲೆ ಹೂಡುವ ಮೊಕದ್ದಮೆಯು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಮೊದಲು ಕಾಯಿದೆಯ ನಡೆಯನ್ನು ನೋಡೋಣ. ಆಹಾರದಲ್ಲಿ ಕಲಬೆರಕೆ ಮಾಡುವುದು ಅಪರಾಧವೆಂದು 1860ರ ಭಾರತ ದಂಡಸಂಹಿತೆಯಲ್ಲಿಯೇ ಇತ್ತು. ಸ್ವಾತಂತ್ರ್ಯ ಬಂದ ಮೇಲೆ 1954ರಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆ ರೂಪುಗೊಂಡಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದೇಶವನ್ನು ನಡೆಸಿದ್ದು ಅದೇ. ಅದರ ಬದಲಿಗೆ 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದು, 2011ರ ಆಗಸ್ಟ್ 5ರಿಂದ ಪೂರ್ಣವಾಗಿ ಜಾರಿಯಾಯಿತು. ಈಗಿನ ಕ್ರಮದಂತೆ ಆಹಾರ ಸುರಕ್ಷತಾ ಅಧಿಕಾರಿಯು ಹಾಲಿನ ಮಾದರಿಯನ್ನು ಕೊಂಡು ನಾಲ್ಕು ಭಾಗ ಮಾಡಿ, ಕೆಡದಂತೆ ಫಾರ್ಮಲಿನ್ ಬೆರೆಸಿ, ಮೊಹರು ಮಾಡುತ್ತಾನೆ. ಒಂದು ಭಾಗ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತಾಧಿಕಾರಿಯ ವಶಕ್ಕೆ. ಮಾರಾಟಗಾರನು ಕೇಳಿಕೊಂಡರೆ ನಾಲ್ಕನೆಯದು ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ. ವರದಿಯನ್ನು ಒಪ್ಪದವನು 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆಗ ಮಾದರಿಯು ನಿರ್ದೇಶಿತ ಉನ್ನತ ಪ್ರಯೋಗಾಲಯಕ್ಕೆ ಹೋಗುತ್ತದೆ. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯೂ ಅಂತಹವುಗಳಲ್ಲಿ ಒಂದು.

ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ತಪ್ಪಿಲ್ಲ. ಆರೋಪಿಗೆ ತನ್ನ ಪಾಲಿನ ಪರೀಕ್ಷೆಯನ್ನು ಕೇಳುವ ಹಕ್ಕು ಇರಲೇಬೇಕು. ಒಬ್ಬ ವಿಶ್ಲೇಷಕರ ಒಂದು ಸಹಿಯ ಮೇಲೆ ಮನುಷ್ಯನೊಬ್ಬನನ್ನು ಸೆರೆಮನೆಗೆ ಕಳುಹಿಸಲಾಗದು. ಆದರೆ ಈ ಕ್ರಮವೆಲ್ಲ ಸಾಕ್ಷ್ಯಕ್ಕಾಗಿ ಏರ್ಪಟ್ಟದ್ದು, ಹಾಲಿನ ರಕ್ಷಣೆಗಾಗಿ ಅಲ್ಲ. ಸಾಕ್ಷ್ಯಕ್ಕೆ ತಾಳ್ಮೆ ಬೇಕು, ಹಾಲಿಗೆ ತಾಳ್ಮೆಯಿಲ್ಲ. ಇವೆರಡರ ನಡುವಣ ಈ ವಿರೋಧವು ನಮ್ಮ ನ್ಯಾಯಾಲಯಗಳ ಮುಂದೆ ಮತ್ತೆ ಮತ್ತೆ ಬಂದು ನಿಂತಿದೆ.

ಎರಡು ಮೊಕದ್ದಮೆಗಳನ್ನು ಉದಾಹರಿಸುತ್ತೇನೆ. ಮೊದಲನೆಯದು ದೆಹಲಿಯ ಮೊಸರಿನದು. ಸುಪ್ರೀಂ ಕೋರ್ಟು ತೀರ್ಮಾನಿಸಿದ್ದು. ಮೊಸರು ಗುಣಮಟ್ಟಕ್ಕೆ ಕಡಿಮೆಯೆಂದು ವಿಶ್ಲೇಷಕರು ವರದಿ ಕೊಟ್ಟಿದ್ದರು. ದೂರು ದಾಖಲಾಗುವುದಕ್ಕೇ ತಿಂಗಳುಗಳು ಹಿಡಿದವು. ಮಾರಾಟಗಾರನು ತನ್ನ ಬಳಿಯಿದ್ದ ಮಾದರಿಯನ್ನು ಕೇಂದ್ರ ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು ಕೋರಿದಾಗ ಅದು ಕೊಳೆತು ಪರೀಕ್ಷೆಗೆ ಒದಗದಂತಾಗಿತ್ತು. ಮರುಪರೀಕ್ಷೆಯ ಹಕ್ಕು ಸರ್ಕಾರದ ಕಡೆಯ ವಿಳಂಬದಿಂದಲೇ ನಷ್ಟವಾಯಿತೆಂಬ ಕಾರಣಕ್ಕೆ ಆತನ ಬಿಡುಗಡೆಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ನ್ಯಾಯವಾಗಿಯೇ ಇದೆ. ಆದರೆ ಆ ಮೊಸರು ಒಳ್ಳೆಯದಾಗಿತ್ತೋ ಕೆಟ್ಟದ್ದಾಗಿತ್ತೋ ಎಂಬ ಪ್ರಶ್ನೆಗೆ ಉತ್ತರ ಯಾರಿಗೂ ಸಿಗಲಿಲ್ಲ.

ಎರಡನೆಯದು ಉತ್ತರ ಪ್ರದೇಶದ ಹಾಲಿನದು. ಮಾದರಿ ಹಿಡಿದದ್ದು 1995ರಲ್ಲಿ. ಆ ಹಾಲಿನಲ್ಲಿ ಜಿಡ್ಡಿನಂಶ ಶೇಕಡಾ 4.6 ಇತ್ತು, ಅದರಲ್ಲಿ ಆಕ್ಷೇಪವಿರಲಿಲ್ಲ. ಜಿಡ್ಡಲ್ಲದ ಘನಾಂಶ, ಡೇರಿಯವರು ಎಸ್.ಎನ್.ಎಫ್. ಎನ್ನುವುದು, ಶೇಕಡಾ 8.5 ಇರಬೇಕಾದಲ್ಲಿ 7.7 ಇತ್ತು. ಇದಕ್ಕಾಗಿ ವಿಧಿಸಿದ್ದು ಆರು ತಿಂಗಳ ಸಜೆ. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದದ್ದು 2019ರ ಅಕ್ಟೋಬರಿನಲ್ಲಿ, ಅಂದರೆ 24 ವರ್ಷಗಳ ಅನಂತರ. ಶಾಸನವು ಒಂದು ಮಟ್ಟವನ್ನು ನಿಗದಿಪಡಿಸಿದ ಮೇಲೆ ಅಲ್ಪಸ್ವಲ್ಪ ಕೊರತೆಯೆಂದು ಅದನ್ನು ಉಪೇಕ್ಷಿಸಲಾಗದೆಂಬುದು ನ್ಯಾಯಾಲಯದ ನಿಲುವು. ಹಳೆಯ ಕಾಯಿದೆಯ ಅಕ್ಷರಕ್ಕೆ ಆ ನಿಲುವು ಸರಿಯೇ. ಆದರೂ ಯೋಚಿಸಿರಿ: ಹಾಲು ಕರೆದ ವರ್ಷ ಹುಟ್ಟಿದ ಮಗುವು ಓದು ಮುಗಿಸಿ ನೌಕರಿಗೆ ಸೇರುವಷ್ಟು ಕಾಲ ಕಳೆದ ಮೇಲೆ ಬಂದ ಶಿಕ್ಷೆಯಿಂದ ಯಾವ ಹಾಲಿನವನು ಯಾವ ಪಾಠ ಕಲಿತಾನು?

ಮೂವತ್ತು ವರ್ಷಗಳಿಗೂ ಮೀರಿ ತರಗತಿಯಲ್ಲಿ ನಿಂತವನಿಗೆ ಶಿಕ್ಷೆಯ ವಿಷಯ ಸ್ವಲ್ಪ ತಿಳಿದಿರುತ್ತದೆ. ಹುಡುಗನು ಜೂನ್ ತಿಂಗಳಲ್ಲಿ ಕಾಪಿ ಬರೆಯದೆ ಬಂದುದಕ್ಕೆ ಮಾರ್ಚಿಯಲ್ಲಿ ಕರೆದು ಬೆತ್ತ ತೋರಿಸಿದರೆ ಅವನಿಗೆ ತಪ್ಪು ಯಾವುದೆಂಬುದೇ ಹೊಳೆಯುವುದಿಲ್ಲ. ಮೇಷ್ಟ್ರು ಕೋಪಿಷ್ಠರೆಂಬುದಷ್ಟೇ ಹೊಳೆಯುತ್ತದೆ. ದಿನದಿನವೂ ಕಾಪಿ ನೋಡುವ ಮೇಷ್ಟ್ರಿಗೆ ಬೆತ್ತವೇ ಬೇಕಾಗುವುದಿಲ್ಲ. ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರರ ಭೇಟಿಯಿಂದ ಶಾಲೆಯ ಗೋಡೆಗೆ ಸುಣ್ಣ ಬೀಳುತ್ತದೆಯೇ ಹೊರತು ಮಕ್ಕಳ ಲೆಕ್ಕ ಸುಧಾರಿಸುವುದಿಲ್ಲ. ಹಾಲಿನಲ್ಲಿಯೂ ಇದೇ ನಿಜವೆಂದು ನನ್ನ ಅಭಿಮತ.

2006ರ ಕಾಯಿದೆಯು ಹಳೆಯದಕ್ಕಿಂತ ಒಂದು ವಿಷಯದಲ್ಲಿ ಬಹಳ ಮೇಲು. ಹಳೆಯ ಕಾಯಿದೆಯಲ್ಲಿ ನೀರು ಬೆರೆಸಿದವನೂ, ವಿಷ ಬೆರೆಸಿದವನೂ, ಬಡಕಲು ಹಸುವಿನ ತೆಳ್ಳನೆಯ ಹಾಲನ್ನು ಇದ್ದಂತೆಯೇ ಮಾರಿದವನೂ ‘ಕಲಬೆರಕೆ’ ಎಂಬ ಒಂದೇ ಪದದಡಿ ಬರುತ್ತಿದ್ದರು. ಹೊಸದು ‘ಕೆಳದರ್ಜೆಯ’ ಆಹಾರವನ್ನೂ ‘ಅಸುರಕ್ಷಿತ’ ಆಹಾರವನ್ನೂ ಬೇರ್ಪಡಿಸಿತು. ಕೆಳದರ್ಜೆಯದಕ್ಕೆ ಸೆರೆಯಿಲ್ಲ, 5 ಲಕ್ಷ ರೂಪಾಯಿಗಳವರೆಗೆ ದಂಡ. ಅದನ್ನು ತೀರ್ಮಾನಿಸುವವರು ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಿಲ್ಲದ ದರ್ಜೆಯ ಅಧಿಕಾರಿ. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಸೆರೆ, 10 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಬಡತನವೂ ವಿಷವೂ ಒಂದೇ ಅಲ್ಲವೆಂದು ಶಾಸನವು ಒಪ್ಪಿಕೊಂಡದ್ದು ನಿಜವಾದ ಸುಧಾರಣೆ.

ಮಟ್ಟಗಳೂ ಶಾಶ್ವತವಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಹಸುವಿನ ಹಾಲಿಗೆ ಮೊದಲು ರಾಜ್ಯಕ್ಕೊಂದು ಮಟ್ಟವಿತ್ತು. ಈಚಿನ ತಿದ್ದುಪಡಿಯ ಮೇಲೆ ದೇಶಕ್ಕೆಲ್ಲ ಜಿಡ್ಡು ಶೇಕಡಾ 3.2, ಇತರ ಘನಾಂಶ ಶೇಕಡಾ 8.3 ಎಂದಾಯಿತು. ಹಾಲು ಹಸುವಿನ ತಳಿ, ಮೇವು, ಋತು, ಕರು ಹಾಕಿ ಎಷ್ಟು ದಿನವಾಯಿತು ಎಂಬುದನ್ನೆಲ್ಲ ಅನುಸರಿಸಿ ಬದಲಾಗುತ್ತದೆ. ಕಡುಬೇಸಿಗೆಯಲ್ಲಿ ಒಣಹುಲ್ಲು ತಿಂದ ಸೀಮೆಹಸುವಿನ ಪ್ರಾಮಾಣಿಕವಾದ ಹಾಲೂ ಎಲ್ಲೆಯ ಕೆಳಗೆ ಇಳಿಯಬಹುದು. ಆದ್ದರಿಂದ ಒಂದು ದಿನದ ಒಂದು ಅಂಕಿಯು ಮನುಷ್ಯನ ಪ್ರಾಮಾಣಿಕತೆಯನ್ನು ಹೇಳಲಾರದು. ಒಂದೇ ಮನೆಯ ಹಾಲಿನ ಮುನ್ನೂರು ದಿನಗಳ ಅಂಕಿಗಳು ಹೇಳಬಲ್ಲವು.

ಶಿಕ್ಷೆಯನ್ನು ಹೆಚ್ಚಿಸಬೇಕೆನ್ನುವವರ ವಾದವೂ ಹುರುಳಿಲ್ಲದ್ದಲ್ಲ. ಮಗುವಿನ ಹಾಲಿಗೆ ಯೂರಿಯಾ ಬೆರೆಸುವವನು ಕೊಲೆಗಾರನಿಗಿಂತ ಯಾವುದರಲ್ಲಿ ಕಡಿಮೆಯೆಂದು ಕೇಳುವ ತಾಯಿಗೆ ನಾನು ಎದುರಾಡಲಾರೆ. ಉತ್ತರ ಪ್ರದೇಶ, ಪಶ್ಚಿಮ ಬಂಗಾಳ, ಒಡಿಶಾ ರಾಜ್ಯಗಳು ದಂಡಸಂಹಿತೆಗೆ ತಿದ್ದುಪಡಿ ತಂದು ಕಲಬೆರಕೆಗೆ ಜೀವಾವಧಿ ಶಿಕ್ಷೆಯವರೆಗೂ ವಿಧಿಸಬಹುದೆಂದು ಮಾಡಿದ್ದವು. 2016ರಲ್ಲಿ ಸುಪ್ರೀಂ ಕೋರ್ಟು ಹಾಲಿನ ಕಲಬೆರಕೆಯ ಮೊಕದ್ದಮೆಯಲ್ಲಿ ಇದನ್ನು ಉಲ್ಲೇಖಿಸಿ, ಶಿಕ್ಷೆಯನ್ನು ಬಿಗಿಗೊಳಿಸುವ ಬಗ್ಗೆ ಕೇಂದ್ರವು ಆಲೋಚಿಸಬೇಕೆಂದಿತು. ಆದರೆ ಅದೇ ಉತ್ತರ ಪ್ರದೇಶದ ಹಾಲಿನ ಮೊಕದ್ದಮೆಯೊಂದು 24 ವರ್ಷ ನಡೆದುದನ್ನು ಮೇಲೆ ನೋಡಿದೆವು. ಶಿಕ್ಷೆಯ ಅಳತೆ ಪುಸ್ತಕದಲ್ಲಿ ಎಷ್ಟು ಉದ್ದವಾದರೂ ಅದು ಬಂದು ಮುಟ್ಟುವ ಭರವಸೆಯಿಲ್ಲದಿದ್ದರೆ ವಂಚಕನು ಅದನ್ನು ವ್ಯಾಪಾರದ ಖರ್ಚಿನಲ್ಲಿ ಸೇರಿಸಿಕೊಳ್ಳುತ್ತಾನೆ. ಶಿಕ್ಷೆ ಭಾರಿಯಾದಷ್ಟೂ ಸಾಕ್ಷ್ಯವು ಬಿಗಿಯಾಗಬೇಕು. ಸಾಕ್ಷ್ಯ ಬಿಗಿಯಾದಷ್ಟೂ ಕಾಲ ಹಿಡಿಯುತ್ತದೆ. ಕೊನೆಗೆ ಸಿಕ್ಕಿಬೀಳುವವನು ವಕೀಲರನ್ನಿಡಲು ಶಕ್ತಿಯಿಲ್ಲದ ಸೈಕಲ್ಲಿನ ಹಾಲಿನವನು.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಅದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘವನ್ನು ನೋಡಿದರೆ ಸಾಕು. ಗುಜರಾತಿನ ಆಣಂದದಲ್ಲಿ ಬೆಳೆದ ಕ್ರಮವನ್ನು ಡಾ. ವರ್ಗೀಸ್ ಕುರಿಯನ್ ಅವರು 1970ರಲ್ಲಿ ಆರಂಭವಾದ ಕ್ಷೀರಧಾರೆ ಕಾರ್ಯಾಚರಣೆಯ ಮೂಲಕ ದೇಶಕ್ಕೆ ಹರಡಿದರು. ಕರ್ನಾಟಕದಲ್ಲಿ 1974ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನಿಂದ ಆ ಕೆಲಸ ಮೊದಲಾಗಿ, ಅದು ಈಗಿನ ಹಾಲು ಮಹಾಮಂಡಲವಾಗಿ ಬೆಳೆದಿದೆ. 2024ರಲ್ಲಿ ಮಹಾಮಂಡಲದ ದಿನದ ಸಂಗ್ರಹಣೆ 1 ಕೋಟಿ ಲೀಟರನ್ನು ದಾಟಿತು. ಇಷ್ಟು ಹಾಲಿಗೆ ಆಹಾರ ಸುರಕ್ಷತಾ ಅಧಿಕಾರಿಗಳನ್ನು ಕಾವಲಿಡುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ.

ಸಂಘದಲ್ಲಿ ಕಾವಲು ಬೇರೆ ರೀತಿಯದು. ಬೆಳಗ್ಗೆ ಸಂಜೆ ಎರಡು ಹೊತ್ತೂ ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ತೆಗೆದು ಪರೀಕ್ಷಿಸುತ್ತಾರೆ. ಹಿಂದೆ ಲ್ಯಾಕ್ಟೋಮೀಟರೂ ಗರ್ಬರ್ ಪರೀಕ್ಷೆಯೂ ಇದ್ದವು. ನಿಮಗೆ ತರಗತಿಯಲ್ಲಿ ಹೇಳಿದ್ದೆ: 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲು ಹಾಕಿ ತಿರುಗಿಸಿದರೆ ಜಿಡ್ಡು ಮೇಲೆ ಬಂದು ಕೊಳವೆಯ ಗೆರೆಗಳ ಮೇಲೆ ನಿಲ್ಲುತ್ತದೆ. ಈಗ ವಿದ್ಯುತ್ ಯಂತ್ರವು ನಿಮಿಷದೊಳಗೆ ಅಂಕಿ ತೋರಿಸುತ್ತದೆ. ಆ ಅಂಕಿಗೆ ತಕ್ಕಂತೆ ದರ, ದರಕ್ಕೆ ತಕ್ಕಂತೆ ಬಟವಾಡೆ. ಕ್ಯಾನು ಇಳಿಸಿದ ಹೆಣ್ಣುಮಗಳು “ಎಷ್ಟು ಡಿಗ್ರಿ ಬಂತಣ್ಣಾ?” ಎಂದು ಕೇಳುವುದನ್ನು ಹಳ್ಳಿಯಲ್ಲಿದ್ದವರೆಲ್ಲ ಕೇಳಿದ್ದೀರಿ. ಆಕೆಗೆ ಕಾಯಿದೆಯ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ನೀರು ಹಾಕಿದರೆ ನಷ್ಟವು ಅಂದೇ, ಅಲ್ಲೇ, ತನಗೇ ಎಂಬುದು ಗೊತ್ತು. ಅನುಮಾನ ಬಂದರೆ ಎದುರಿನಲ್ಲಿಯೇ ಇನ್ನೊಮ್ಮೆ ಅಳೆಯಿರೆಂದು ಕೇಳುವ ಹಕ್ಕೂ ಗೊತ್ತು. ದೆಹಲಿಯ ಆ ಮೊಸರಿನವನು ಕಳೆದುಕೊಂಡ ಮರುಪರೀಕ್ಷೆಯು ಇವಳಿಗೆ ಎರಡು ನಿಮಿಷದಲ್ಲಿ ಸಿಗುತ್ತದೆ.

ಸಂಘಗಳೆಲ್ಲ ಸತ್ಯಹರಿಶ್ಚಂದ್ರನ ಮನೆಗಳೆಂದು ಇದರ ಅರ್ಥವಲ್ಲ. ಪರೀಕ್ಷಕನು ಬೇಕಾದವರಿಗೆ ಹೆಚ್ಚು ಅಂಕಿ ಬರೆಯಬಲ್ಲ. ಕಾರ್ಯದರ್ಶಿಯೇ ನೀರು ಬೆರೆಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಎಲ್ಲರಿಗೂ ಒಂದೇ ದರ ಕೊಡುವ ಸಂಘದಲ್ಲಿ ಒಳ್ಳೆಯ ಹಾಲು ಹಾಕುವವನು ನೀರು ಹಾಕುವವನನ್ನು ಸಾಕಿದಂತಾಗುತ್ತದೆ. ಆದರೂ ಆ ಹಾಲು ಒಕ್ಕೂಟವನ್ನು ತಲುಪಿದಾಗ ಮತ್ತೆ ಪರೀಕ್ಷೆಯಿದೆ. ಅಲ್ಲಿ ಕಡಿಮೆ ಬಂದರೆ ಪೆಟ್ಟು ಇಡೀ ಸಂಘಕ್ಕೆ. ಹೀಗೆ ಒಂದು ಮೆಟ್ಟಿಲಿನವನನ್ನು ಮುಂದಿನ ಮೆಟ್ಟಿಲಿನವನು ತನ್ನ ಲಾಭಕ್ಕಾಗಿಯೇ ಕಾಯುತ್ತಾನೆ. ಇಂತಹ ಮೆಟ್ಟಿಲುಗಳಿಲ್ಲದ ಜಾಗದಲ್ಲಿ, ಅಂದರೆ ಬಿಡಿಹಾಲು, ಬಿಡಿತುಪ್ಪ, ಊರೂರು ತಿರುಗುವ ಖೋವಾ, ಹೋಟೆಲಿಗೆ ಸಗಟಾಗಿ ಹೋಗುವ ಪನೀರ್‌ಗಳಲ್ಲಿ, ಹಬ್ಬದ ದಾಳಿಯೊಂದೇ ಉಳಿಯುತ್ತದೆ.

ಸರ್ಕಾರವು ಮೊದಲ ಮೆಟ್ಟಿಲಿನಲ್ಲಿಯೇ ಜಾಣತನದಿಂದ ಕೈಯಿಟ್ಟ ಉದಾಹರಣೆಯೊಂದು ತುಪ್ಪದ ಚರಿತ್ರೆಯಲ್ಲಿದೆ. ವನಸ್ಪತಿ, ಅಂದರೆ ನಮ್ಮ ಮನೆಗಳಲ್ಲಿ ‘ಡಾಲ್ಡಾ’ ಎಂದೇ ಕರೆಯುತ್ತಿದ್ದ ಪದಾರ್ಥ, ಬಂದ ಮೇಲೆ ಅದನ್ನು ತುಪ್ಪಕ್ಕೆ ಬೆರೆಸುವುದು ಎಲ್ಲೆಡೆ ಹಬ್ಬಿತು. ಕಣ್ಣಿಗೆ ಗುರುತು ಸಿಗದು. ಆಗ ವನಸ್ಪತಿ ತಯಾರಿಸುವವರು ಅದರಲ್ಲಿ ಕನಿಷ್ಠ ಶೇಕಡಾ 5ರಷ್ಟು ಎಳ್ಳೆಣ್ಣೆ ಸೇರಿಸಲೇಬೇಕೆಂದು ನಿಯಮ ಮಾಡಿದರು. ಎಳ್ಳೆಣ್ಣೆಯಿರುವ ಕೊಬ್ಬಿಗೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಫರ್‌ಫ್ಯೂರಾಲನ್ನೂ ಹಾಕಿ ಕುಲುಕಿದರೆ ಕೆಂಪು ಬಣ್ಣ ಬರುತ್ತದೆ. ಇದೇ ಬೌಡೂಯಿನ್ ಪರೀಕ್ಷೆ. ಕಳ್ಳನ ಕಾಲಿಗೆ ಮೊದಲೇ ಗೆಜ್ಜೆ ಕಟ್ಟಿದ ಹಾಗಾಯಿತು. ಸಾವಿರ ಅಂಗಡಿಗಳ ಮೇಲೆ ದಾಳಿ ಮಾಡುವ ಬದಲು ಕೆಲವೇ ಕಾರ್ಖಾನೆಗಳಲ್ಲಿ ಒಂದು ನಿಯಮವನ್ನು ನಿಲ್ಲಿಸಿದ ಈ ಉಪಾಯವನ್ನು ನಾನು ಬಹಳ ಮೆಚ್ಚುತ್ತೇನೆ. ಎಳ್ಳೆಣ್ಣೆಯಿಲ್ಲದ ಬೇರೆ ಕೊಬ್ಬನ್ನು ಬೆರೆಸಿದರೆ ಆ ಗೆಜ್ಜೆ ಸದ್ದು ಮಾಡುವುದಿಲ್ಲವೆಂಬುದೂ ನಿಜ. ಕಳ್ಳನು ಕಲಿಯುತ್ತಾನೆ, ಕಾಯುವವನೂ ಕಲಿಯುತ್ತಿರಬೇಕು.

ಕಾಯುವವನು ಕಲಿಯದಿದ್ದರೆ ಏನಾಗುತ್ತದೆಂಬುದನ್ನು ಚೀನಾ ದೇಶವು 2008ರಲ್ಲಿ ಕಂಡಿತು. ಅಲ್ಲಿ ಹಾಲಿನ ಪ್ರೋಟೀನನ್ನು ಅದರಲ್ಲಿರುವ ಸಾರಜನಕದ ಲೆಕ್ಕದಿಂದ ಅಳೆಯುತ್ತಿದ್ದರು. ನೀರು ಬೆರೆಸಿದ ಹಾಲಿಗೆ ಸಾರಜನಕ ಹೆಚ್ಚಾಗಿರುವ ಮೆಲಮಿನ್ ಎಂಬ ಕೈಗಾರಿಕಾ ರಾಸಾಯನಿಕವನ್ನು ಹಾಕಿದರೆ ಪರೀಕ್ಷೆಯಲ್ಲಿ ಹಾಲು ತೇರ್ಗಡೆಯಾಗುತ್ತಿತ್ತು. ಆ ಹಾಲಿನ ಪುಡಿಯನ್ನು ಕುಡಿದ ಸುಮಾರು 3 ಲಕ್ಷ ಎಳೆಯ ಮಕ್ಕಳು ಅಸ್ವಸ್ಥರಾದರು. ಮೂತ್ರಪಿಂಡದಲ್ಲಿ ಕಲ್ಲುಗಳಾಗಿ 6 ಕೂಸುಗಳು ಸತ್ತವು. ತಪ್ಪಿತಸ್ಥರಲ್ಲಿ ಇಬ್ಬರನ್ನು 2009ರಲ್ಲಿ ಮರಣದಂಡನೆಗೂ ಗುರಿಪಡಿಸಿದರು. ಮರಣದಂಡನೆಯ ಭಯವಿದ್ದ ದೇಶದಲ್ಲಿಯೇ ಇದು ನಡೆಯಿತೆಂಬುದನ್ನು ಕಠಿಣ ಶಿಕ್ಷೆಯೊಂದನ್ನೇ ನೆಚ್ಚುವವರು ಗಮನಿಸಬೇಕು. ನಮ್ಮ ಲ್ಯಾಕ್ಟೋಮೀಟರಿನ ಕಥೆಯೂ ಚಿಕ್ಕ ಪ್ರಮಾಣದಲ್ಲಿ ಇದೇ. ನೀರು ಹಾಕಿದರೆ ಅಂಕಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಲೆಕ್ಕವಾಗಿ ಮಾಡಿದರೆ ಅಳತೆಗೋಲು ಇದ್ದಲ್ಲೇ ನಿಲ್ಲುತ್ತದೆ. ಒಂದೇ ಪ್ರಶ್ನೆಯನ್ನು ವರ್ಷವರ್ಷವೂ ಕೇಳಿದರೆ ವಿದ್ಯಾರ್ಥಿಯು ವಿಷಯವನ್ನು ಬಿಟ್ಟು ಉತ್ತರವನ್ನಷ್ಟೇ ಬಾಯಿಪಾಠ ಮಾಡುತ್ತಾನಲ್ಲವೇ?

ಇನ್ನು ನಮ್ಮ ದೇಶದ ಹಾಲು ನಿಜಕ್ಕೂ ಹೇಗಿದೆ? ಬಾಯಿಂದ ಬಾಯಿಗೆ ಹರಡುವ ಭಯವನ್ನು ಬಿಟ್ಟು ಅಂಕಿಗಳನ್ನು ನೋಡಬೇಕು. ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದ 1,103 ನಗರ ಪಟ್ಟಣಗಳಿಂದ 6,432 ಮಾದರಿಗಳನ್ನು ಸಂಗ್ರಹಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಯೂರಿಯಾ, ಮಾರ್ಜಕ ಮೊದಲಾದ ಅಪಾಯಕಾರಿ ಕಲಬೆರಕೆ ಕಂಡದ್ದು ಕೇವಲ 12 ಮಾದರಿಗಳಲ್ಲಿ. ಆದರೆ 368 ಮಾದರಿಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷಾಂಶ ಮಿತಿ ಮೀರಿತ್ತು. 77 ಮಾದರಿಗಳಲ್ಲಿ ಪ್ರತಿಜೈವಿಕ ಔಷಧಗಳ ಉಳಿಕೆ ಮಿತಿ ಮೀರಿತ್ತು. ನೂರಕ್ಕೆ ಸುಮಾರು 41 ಮಾದರಿಗಳು ಜಿಡ್ಡು, ಘನಾಂಶ ಮುಂತಾದ ಒಂದಲ್ಲ ಒಂದು ಗುಣಮಟ್ಟದಲ್ಲಿ ಸೋತಿದ್ದವು.

ಈ ಅಂಕಿಗಳು ನನ್ನನ್ನು ಚಿಂತೆಗೆ ಹಚ್ಚಿದವು. ನಾವು ಹೆದರುತ್ತಿರುವುದು ಹನ್ನೆರಡಕ್ಕೆ. ಹೆದರಬೇಕಾದದ್ದು ಮುನ್ನೂರ ಅರವತ್ತೆಂಟಕ್ಕೆ. ಅಫ್ಲಟಾಕ್ಸಿನ್ನನ್ನು ಯಾವ ಹಾಲಿನವನೂ ಬೆರೆಸುವುದಿಲ್ಲ. ತೇವ ತಗುಲಿ ಬೂಷ್ಟು ಹಿಡಿದ ಹಿಂಡಿ, ಮೆಕ್ಕೆಜೋಳ, ಪಶು ಆಹಾರಗಳಲ್ಲಿ ಅದು ಹುಟ್ಟಿ, ಹಸುವಿನ ಹೊಟ್ಟೆಯನ್ನು ಹಾದು ಹಾಲಿಗೆ ಇಳಿಯುತ್ತದೆ. ಯಕೃತ್ತಿಗೆ ಕೆಡುಕು ಮಾಡುವ ಜಾತಿಯ ವಿಷವಿದು. ಕುದಿಸಿದರೂ ಹೋಗುವುದಿಲ್ಲ, ನಾಲಗೆಗೂ ತಿಳಿಯುವುದಿಲ್ಲ. ಒಂದು ಕಿಲೋಗ್ರಾಂ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂ ಮೀರಬಾರದೆಂದು ಹಾಲಿಗೆ ಮಿತಿಯಿದೆ. ಆದರೆ 2006ರ ಕಾಯಿದೆಯ ‘ಆಹಾರ’ ಎಂಬ ಪದದ ಅರ್ಥವಿವರಣೆಯಲ್ಲಿ ಪಶು ಆಹಾರವು ಸೇರುವುದಿಲ್ಲ. ರೈತನ ಕೃಷಿಕಾರ್ಯಕ್ಕೂ ಆ ಕಾಯಿದೆ ಅನ್ವಯಿಸುವುದಿಲ್ಲ. ರೈತನನ್ನು ಹೊರಗಿಟ್ಟದ್ದು ಸರಿಯೇ. ಎರಡು ಹಸು ಕಟ್ಟಿದವಳ ಕೊಟ್ಟಿಗೆಗೆ ದಂಡದ ಪುಸ್ತಕ ಹಿಡಿದು ಹೋಗಬೇಕೆಂದು ನಾನು ಹೇಳಲಾರೆ. ಆದರೆ ವಿಷವು ಮೂಟೆಯಲ್ಲಿ ಹುಟ್ಟಿ, ಕಾಯಿದೆಯು ಪ್ಯಾಕೆಟ್ಟಿನ ಬಳಿ ಕಾದು ಕುಳಿತರೆ ಪ್ರಯೋಜನವೇನು? ಹಿಂಡಿ ಮಾರುವವನ ಗೋದಾಮು, ಪಶು ಆಹಾರದ ಕಾರ್ಖಾನೆ, ಇವು ಹಾಲಿನ ನಿಜವಾದ ಮೊದಲ ಮೆಟ್ಟಿಲುಗಳು. ಪ್ರತಿಜೈವಿಕಗಳ ಕಥೆಯೂ ಹೀಗೆಯೇ. ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಟ್ಟ ಮೇಲೆ ಕೆಲವು ದಿನ ಆ ಹಸುವಿನ ಹಾಲನ್ನು ಡೇರಿಗೆ ಹಾಕಬಾರದು. ಅದನ್ನು ರೈತನಿಗೆ ಹೇಳಬೇಕಾದವರು ಪಶುವೈದ್ಯರು. ಆ ದಿನಗಳ ಹಾಲು ಚೆಲ್ಲಿದುದಕ್ಕೆ ಸ್ವಲ್ಪವಾದರೂ ಪರಿಹಾರವಿಲ್ಲದಿದ್ದರೆ ಬಡವನು ಚೆಲ್ಲಲಾರ.

ನಮ್ಮ ರಾಜ್ಯದಲ್ಲಿ ಇದು ಕೇವಲ ಮನೆಮನೆಯ ವಿಷಯವಾಗಿಯೂ ಉಳಿದಿಲ್ಲ. 2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾಮಕ್ಕಳಿಗೆ 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಬಿಸಿಹಾಲನ್ನು ಕೊಡುವ ಏರ್ಪಾಡಾಯಿತು. ಬರಿಹೊಟ್ಟೆಯಲ್ಲಿ ಬಂದು ಪ್ರಾರ್ಥನೆಯ ಸಾಲಿನಲ್ಲಿ ತಲೆತಿರುಗಿ ಬೀಳುತ್ತಿದ್ದ ಮಕ್ಕಳನ್ನು ಕಂಡವನಾದ ನಾನು ಆ ಯೋಜನೆಯನ್ನು ಮನಸಾರೆ ಸ್ವಾಗತಿಸಿದವನು. ಆದರೆ ಸರ್ಕಾರವೇ ಲೋಟ ಹಿಡಿದು ಮಗುವಿಗೆ ಹಾಲು ಕುಡಿಸುವಾಗ ಅದು ಬರಿಯ ಕಾವಲುಗಾರನಾಗಿ ಉಳಿಯುವುದಿಲ್ಲ, ಆ ಮಗುವಿಗೆ ತಾಯಿಯ ಸ್ಥಾನದಲ್ಲಿ ನಿಲ್ಲುತ್ತದೆ. ತಾಯಿಯು ಹಾಲನ್ನು ಕುಡಿಸಿದ ಮೇಲೆ ವರದಿಗಾಗಿ ಕಾಯುವುದಿಲ್ಲ. ಮೊದಲೇ ಮೂಸಿ, ತೊಟ್ಟು ಬಾಯಿಗೆ ಹಾಕಿ ನೋಡಿಯೇ ಮಗುವಿಗೆ ಕೊಡುತ್ತಾಳೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸರ್ಕಾರವು ತನ್ನ ಹಣವನ್ನೂ ಸಿಬ್ಬಂದಿಯನ್ನೂ ಹಬ್ಬದ ದಾಳಿಗಿಂತ ಹೆಚ್ಚಾಗಿ ದಿನದ ಪರೀಕ್ಷೆಯ ಮೇಲೆ ತೊಡಗಿಸಲಿ. ಪ್ರತಿ ಜಿಲ್ಲೆಯಲ್ಲಿಯೂ ಅಫ್ಲಟಾಕ್ಸಿನ್, ಔಷಧದ ಉಳಿಕೆಗಳನ್ನು ಅಳೆಯಬಲ್ಲ ಪ್ರಯೋಗಾಲಯವಿರಲಿ. ಪಶು ಆಹಾರದ ಮೂಟೆಯೂ ಅದೇ ಪ್ರಯೋಗಾಲಯದ ಬಾಗಿಲಿಗೆ ಬರುವಂತೆ ಶಾಸನವಾಗಲಿ. ಬಿಡಿಹಾಲು ಮಾರುವವರಿಗೂ ತಮ್ಮ ಕ್ಯಾನನ್ನು ಬೆಳಗ್ಗೆಯೇ ಅಳೆಸಿ ಚೀಟಿ ಪಡೆಯುವ ಅನುಕೂಲ ಪೇಟೆಯ ಮುಖ್ಯ ಬೀದಿಗಳಲ್ಲಿರಲಿ. ಆಗ ಪ್ರಾಮಾಣಿಕನಿಗೆ ಚೀಟಿಯೇ ಬಂಡವಾಳವಾಗುತ್ತದೆ, ಚೀಟಿಯಿಲ್ಲದವನನ್ನು ಗಿರಾಕಿಗಳೇ ಪ್ರಶ್ನಿಸುತ್ತಾರೆ. ದಾಳಿಯಲ್ಲಿ ಹಿಡಿದ ಮಾದರಿಯ ಫಲಿತಾಂಶವನ್ನು, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಊರಿನವರಿಗೆ ಕಾಣುವಂತೆ ಪ್ರಕಟಿಸಲಿ. ಕೊನೆಯದಾಗಿ, ವಿಷ ಬೆರೆಸಿದವನ ಮೊಕದ್ದಮೆಯು ವರ್ಷದೊಳಗೆ ಮುಗಿಯಲಿ. ಅಂಥವನಿಗೆ ದಯೆ ತೋರಬೇಕೆಂದು ನಾನು ಹೇಳುವುದಿಲ್ಲ. ಆದರೆ ನೀರು ಹಾಲಿನವನನ್ನೂ ಅವನನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುವ ಮನೋಭಾವ ನಮ್ಮ ಮಾತುಗಳಿಂದಲೂ ಹೋಗಬೇಕು.

ಇದಕ್ಕೆಲ್ಲ ಖರ್ಚಾಗುವುದಿಲ್ಲವೇ ಎಂದರೆ ಖಂಡಿತ ಆಗುತ್ತದೆ. ಹಾಲಿನ ದರವೂ ಸ್ವಲ್ಪ ಏರಬಹುದು. ಆದರೆ ಅಗ್ಗದ ಹಾಲೂ ಬೇಕು, ಶುದ್ಧವಾದ ಹಾಲೂ ಬೇಕು, ರೈತನಿಗೆ ಒಳ್ಳೆಯ ಬೆಲೆಯೂ ಸಿಗಬೇಕು, ಪರೀಕ್ಷೆಗೆ ಮಾತ್ರ ಯಾರೂ ಕಾಸು ಕೊಡಬಾರದು ಎಂದರೆ ಲೆಕ್ಕ ಕೂಡುವುದಿಲ್ಲ. ಒಂದು ಲೀಟರಿಗೆ ಎರಡು ರೂಪಾಯಿ ಕಡಿಮೆಯೆಂದು ಎಲ್ಲಿಯದೋ ತಿಳಿಯದ ಹಾಲನ್ನೂ, ಅರ್ಧಬೆಲೆಯ ‘ಶುದ್ಧ ತುಪ್ಪ’ವನ್ನೂ ಕೊಳ್ಳುವಾಗ ಆ ಉಳಿತಾಯ ಎಲ್ಲಿಂದ ಬಂತೆಂದು ನಾವೂ ಕೇಳಿಕೊಳ್ಳಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ನಾವು ಮನುಷ್ಯರ ವಿಷಯದಲ್ಲಿ ಮಾತ್ರ ಬಳಸುತ್ತ ಬಂದಿದ್ದೇವೆ.

ನನ್ನ ಶಿಷ್ಯರಲ್ಲಿ ಹಾಲು ಒಕ್ಕೂಟಗಳಲ್ಲಿ ಕೆಲಸ ಮಾಡುವವರಿದ್ದೀರಿ, ಪಶುವೈದ್ಯರಿದ್ದೀರಿ, ಸಂಘದ ಆಡಳಿತ ಮಂಡಳಿಯಲ್ಲಿ ಕುಳಿತವರಿದ್ದೀರಿ. ಹಿಂದೆ ಹಾಲಿಗೆ ಒಂದು ಹನಿ ಅಯೋಡಿನ್ ಹಾಕಿ, ನೀಲಿಗೆ ತಿರುಗಿದರೆ ಗಂಜಿ ಬೆರೆತಿದೆಯೆಂದು ನೀವೇ ಕೂಗಿ ಹೇಳುತ್ತಿದ್ದಿರಿ. ಈಗ ನಿಮ್ಮ ಊರಿನ ಸಂಘದಲ್ಲಿ ಪ್ರತಿಯೊಬ್ಬರ ಹಾಲನ್ನೂ ಎರಡು ಹೊತ್ತೂ ಪರೀಕ್ಷಿಸುತ್ತಾರೆಯೇ, ಅಂಕಿಯನ್ನು ಹಾಲು ಹಾಕಿದವರ ಮುಂದೆಯೇ ಓದಿ ಹೇಳುತ್ತಾರೆಯೇ, ಹಿಂಡಿಯ ಮೂಟೆಗಳನ್ನು ನೆಲದ ಮೇಲೆ ತೇವದಲ್ಲಿ ಇಟ್ಟಿದ್ದಾರೆಯೇ ಎಂಬುದನ್ನು ಈ ವಾರ ಒಮ್ಮೆ ಹೋಗಿ ನೋಡಿರಿ. ಕಂಡದ್ದನ್ನು ನನಗೆ ಬರೆದು ತಿಳಿಸಿರಿ. ದಾಳಿಯ ಸುದ್ದಿಗಿಂತ ಅಂತಹ ಪತ್ರಗಳನ್ನು ಓದಲು ನನಗೆ ಹೆಚ್ಚು ಸಂತೋಷ.